ಮೊದಲ ಸಲ ಲೂಥರನ್ ಚರ್ಚಿಗೆ ಹೋಗುತ್ತಿದ್ದೇನೆ, ಸ್ವಲ್ಪ ಹೇಳಿಕೊಡಿ

ಮಂಡ್ಯದ ನರ್ಸ್:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಕಡೆಯವಳು. ಈಗ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೇನೆ. ಬಂದು ಎಂಟು ತಿಂಗಳಾಯಿತು. ನಾನು ನೋಡಿಕೊಳ್ಳುವ ಒಬ್ಬರು ಅಜ್ಜಿ ಇದ್ದಾರೆ, ವಯಸ್ಸು 91. ಕಾಲು ನಡೆಯುತ್ತಿದ್ದಾಗ ಪ್ರತಿ ಭಾನುವಾರ ಸೇಂಟ್ ಲೊರೆನ್ಸ್ ಚರ್ಚಿಗೆ ಹೋಗುತ್ತಿದ್ದರಂತೆ. ಈಗ ಗಾಲಿಕುರ್ಚಿ. ಮುಂದಿನ ಭಾನುವಾರ ನನಗೆ ರಜೆ ಅಂತ ಗೊತ್ತಾಗಿ, ಕರೆದುಕೊಂಡು ಹೋಗ್ತೀಯಾ ಅಂತ ಕೇಳಿದರು. ಹೂಂ ಅಂದುಬಿಟ್ಟೆ.

ಈಗ ಭಯ ಶುರುವಾಗಿದೆ. ನಾನು ಹಿಂದೂ. ಮತ ಬದಲಾಯಿಸುವ ಯೋಚನೆ ಏನೂ ಇಲ್ಲ. ಆದರೆ ಅಜ್ಜಿಯ ಪಕ್ಕ ಕೂತು ಏನೂ ತಿಳಿಯದೆ ಕಣ್ಣು ಬಿಡುವುದು ಬೇಡ ಅಂತ. ಅದು ಲೂಥರನ್ ಚರ್ಚ್ ಅಂತೆ. ಹಾಗಂದರೆ ಏನು? ಅವರು ಏನು ನಂಬುತ್ತಾರೆ? ಒಳಗೆ ಏನು ನಡೆಯುತ್ತದೆ? ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು? ಗೊತ್ತಿರುವವರು ದಯವಿಟ್ಟು ಸರಳವಾಗಿ ಹೇಳಿ.

ಕೋಲಾರದವನು:

ತಂಗಿ, ಒಳ್ಳೆಯ ಕೆಲಸಕ್ಕೆ ಹೂಂ ಅಂದಿದ್ದೀಯ, ಭಯ ಬೇಡ. ನಾನು ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದವನು. ತಾತ ಚಿನ್ನದ ಗಣಿ ಕೆಲಸಕ್ಕೆ ಉತ್ತರ ಆರ್ಕಾಟ್ ಕಡೆಯಿಂದ ಬಂದವರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಭಾನುವಾರ ತಮಿಳು ಲೂಥರನ್ ಸಭೆ. ಹಾಗೆ ಬೆಳೆದೆ. ಈಗ ಬೆಂಗಳೂರಿನಲ್ಲಿದ್ದೇನೆ, ಅರವತ್ತು ದಾಟಿದೆ. ನನಗೆ ತಿಳಿದಷ್ಟು ಬರೆಯುತ್ತೇನೆ, ಉದ್ದವಾದರೆ ಬೇಸರ ಮಾಡಿಕೊಳ್ಳಬೇಡ.

ಮೊದಲು ಹೆಸರು. ಮಾರ್ಟಿನ್ ಲೂಥರ್ ಹುಟ್ಟಿದ್ದು 1483ರಲ್ಲಿ, ಜರ್ಮನಿಯ ಐಸ್ಲೆಬೆನ್ ಊರಲ್ಲಿ. ತೀರಿಕೊಂಡದ್ದೂ ಅದೇ ಊರಲ್ಲಿ, 1546ರಲ್ಲಿ. "ಲೂಥರನ್" ಅನ್ನುವ ಹೆಸರು ಅವರು ಇಟ್ಟಿದ್ದಲ್ಲ. ವಿರೋಧಿಗಳು ಬೈಯಲು ಬಳಸಿದ ಮಾತು ಅದು. ಜನ ತನ್ನ ಹೆಸರು ಹೇಳಿಕೊಳ್ಳುವುದು ಲೂಥರ್‌ಗೆ ಇಷ್ಟವಿರಲಿಲ್ಲ. ಅದಕ್ಕೇ ಜರ್ಮನಿಯಲ್ಲಿ ಇವತ್ತಿಗೂ ಜನ "ನಾನು ಇವಾಂಗೆಲಿಶ್" ಅನ್ನುತ್ತಾರೆ, ಸುವಾರ್ತೆಯವರು, ಅಂದರೆ ಯೇಸುವಿನ ಒಳ್ಳೆಯ ಸುದ್ದಿಯವರು ಅಂತ ಅರ್ಥ. ಅಜ್ಜಿಯೂ ಹಾಗೇ ಹೇಳಿರಬಹುದು.

ಲೂಥರ್ ಕಾನೂನು ಓದುತ್ತಿದ್ದ ಹುಡುಗ. 1505ರಲ್ಲಿ ದಾರಿಯಲ್ಲಿ ಸಿಡಿಲು ಹತ್ತಿರದಲ್ಲೇ ಬಡಿಯಿತು. ಬದುಕಿ ಉಳಿದರೆ ಸನ್ಯಾಸಿ ಆಗುತ್ತೇನೆ ಅಂತ ಹರಕೆ ಹೊತ್ತರು, ಆದರು. ಮಠದಲ್ಲಿ ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪದ ಅರಿಕೆ, ಎಲ್ಲ ಮಾಡಿದರು. ಆದರೂ ಒಳಗೆ ಒಂದೇ ಪ್ರಶ್ನೆ: ಇಷ್ಟು ಸಾಕಾ? ದೇವರಿಗೆ ಇದು ಸಾಲುತ್ತದಾ? ಎಷ್ಟು ಮಾಡಿದರೂ ಸಾಕು ಅನ್ನಿಸಲೇ ಇಲ್ಲ. ಆಮೇಲೆ ವಿಟೆನ್‌ಬರ್ಗಿನಲ್ಲಿ ಬೈಬಲ್ ಪಾಠ ಹೇಳುವಾಗ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಒಂದು ಸಾಲು ಅವರನ್ನು ಹಿಡಿದು ನಿಲ್ಲಿಸಿತು. ನೀತಿವಂತನು ನಂಬಿಕೆಯಿಂದಲೇ ಬದುಕುವನು. ಅಂದರೆ ದೇವರು ತನ್ನ ನೀತಿಯಿಂದ ನಮ್ಮನ್ನು ಅಳೆಯುತ್ತಾ ಕೂತಿಲ್ಲ, ಆ ನೀತಿಯನ್ನು ಕ್ರಿಸ್ತನ ಮೂಲಕ ನಮಗೆ ಸುಮ್ನೆ ಕೊಡುತ್ತಾನೆ, ಬರಿಗೈಲಿ ಬಂದವನಿಗೆ ಕೊಡುತ್ತಾನೆ.

ಲೂಥರನ್ ನಂಬಿಕೆಯ ಬೇರು ಇದೇ. ಉಳಿದದ್ದೆಲ್ಲ ಇದರಿಂದ ಬಂದದ್ದು.

ಆ ಕಾಲದಲ್ಲಿ ಪಾಪದ ಶಿಕ್ಷೆ ಕಡಿಮೆ ಮಾಡುವ ಪತ್ರಗಳನ್ನು ದುಡ್ಡಿಗೆ ಮಾರುತ್ತಿದ್ದರು. ರೋಮಿನ ಸೇಂಟ್ ಪೀಟರ್ ಚರ್ಚ್ ಕಟ್ಟಲು ಹಣ ಬೇಕಿತ್ತು. ಬಡವರು ಸತ್ತ ಅಪ್ಪ ಅಮ್ಮನಿಗಾಗಿ ಕೊಳ್ಳುತ್ತಿದ್ದರು. ಸುಮ್ನೆ ಸಿಗಬೇಕಾದ ಕ್ಷಮೆಗೆ ಬೆಲೆ ಕಟ್ಟುವುದನ್ನು ಲೂಥರ್‌ಗೆ ನೋಡಿಕೊಂಡಿರಲು ಆಗಲಿಲ್ಲ. 1517ರ ಅಕ್ಟೋಬರ್ 31ರಂದು 95 ವಾದಗಳನ್ನು ಚರ್ಚೆಗೆ ಇಟ್ಟರು. ಅದೇ ದಿನವನ್ನು ನಾವು ಸುಧಾರಣೆಯ ದಿನ ಅಂತ ಆಚರಿಸುತ್ತೇವೆ. 1521ರಲ್ಲಿ ವೋರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಮುಂದೆ ನಿಲ್ಲಿಸಿ, ಬರೆದದ್ದನ್ನು ಹಿಂತೆಗೆದುಕೋ ಅಂದರು. ಒಪ್ಪಲಿಲ್ಲ. ಆಮೇಲೆ ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದರು. ಅದು 1522ರಲ್ಲಿ ಅಚ್ಚಾಯಿತು, ಇಡೀ ಬೈಬಲ್ 1534ರಲ್ಲಿ.

ಆರಾಧನೆಯ ವಿಷಯ ನಾಳೆ ಬರೆಯುತ್ತೇನೆ.

ಮೇಲುಕೋಟೆ ಓದುಗ:

ತುಂಬ ಚೆನ್ನಾಗಿ ಹೇಳಿದಿರಿ ಸರ್. ಓದುವಾಗ ನಮ್ಮ ಶ್ರೀವೈಷ್ಣವರ ಹಳೆಯ ಮಾತು ನೆನಪಾಯಿತು. ಕೋತಿಮರಿ ತಾನೇ ಗಟ್ಟಿಯಾಗಿ ತಾಯಿಯನ್ನು ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಅನ್ನುತ್ತಾರೆ. ವಡಗಲೆಯವರು ಕೋತಿಮರಿ ಕಡೆ, ತೆಂಗಲೆಯವರು ಬೆಕ್ಕಿನ ಮರಿ ಕಡೆ. ಲೂಥರ್ ಬೆಕ್ಕಿನ ಮರಿ ಕಡೆಯವರು ಅಲ್ವಾ?

ಕೋಲಾರದವನು:

ಸರ್, ಈ ಹೋಲಿಕೆ ನನಗೂ ತುಂಬ ಇಷ್ಟ. ರುಡಾಲ್ಫ್ ಒಟ್ಟೊ ಅನ್ನುವ ಜರ್ಮನ್ ಲೂಥರನ್ ಪಂಡಿತರು ಭಾರತದ ಭಕ್ತಿಮಾರ್ಗದ ಕೃಪೆ ಮತ್ತು ಕ್ರೈಸ್ತರ ಕೃಪೆ ಎರಡನ್ನೂ ಪಕ್ಕಪಕ್ಕ ಇಟ್ಟು 1930ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಹೌದು, ಲೂಥರ್ ಬೆಕ್ಕಿನ ಮರಿ ಕಡೆ. ನಂಬಿಕೆ ಅನ್ನುವುದು ಕೂಡ ನಮ್ಮ ಸಾಧನೆ ಅಲ್ಲ, ಅದನ್ನೂ ಪವಿತ್ರಾತ್ಮನೇ ಹುಟ್ಟಿಸುತ್ತಾನೆ ಅನ್ನುತ್ತಾರೆ. ವ್ಯತ್ಯಾಸವೂ ಇದೆ. ನಮ್ಮಲ್ಲಿ ಈ ಕೃಪೆ ಯೇಸುವಿನ ಶಿಲುಬೆಯಲ್ಲಿ ಒಂದೇ ಸಲ, ಇತಿಹಾಸದಲ್ಲಿ ನಡೆದ ವಿಷಯಕ್ಕೆ ಕಟ್ಟಿಕೊಂಡಿದೆ. ಅದನ್ನು ಬಿಟ್ಟು ಬರೀ ಕೃಪೆ ಅಂದರೆ ಲೂಥರನ್ನರಿಗೆ ಮಾತು ಪೂರ್ತಿ ಆಗುವುದಿಲ್ಲ.

ಮಂಡ್ಯದ ನರ್ಸ್:

ಅಣ್ಣ, ತುಂಬ ಥ್ಯಾಂಕ್ಸ್. ಒಂದು ಸಂದೇಹ. ಎಲ್ಲ ಸುಮ್ನೆ ಸಿಗುತ್ತದೆ ಅಂದರೆ ಒಳ್ಳೆಯವರಾಗಿ ಯಾಕೆ ಇರಬೇಕು? ಏನು ಬೇಕಾದರೂ ಮಾಡಬಹುದಲ್ಲ?

ಕೋಲಾರದವನು:

ಇದನ್ನು ಲೂಥರ್‌ಗೂ ಮುಖಕ್ಕೆ ಕೇಳಿದ್ದಾರೆ ಅಮ್ಮಾ. ಅವರ ಉತ್ತರ ಸರಳ. ಹಣ್ಣು ಬಿಟ್ಟಿದ್ದರಿಂದ ಮರ ಒಳ್ಳೆಯದಾಗುವುದಿಲ್ಲ, ಮರ ಒಳ್ಳೆಯದಾದರೆ ಹಣ್ಣು ತಾನಾಗಿ ಬಿಡುತ್ತದೆ. ದೇವರಿಗೆ ನಮ್ಮ ಒಳ್ಳೆಯ ಕೆಲಸ ಬೇಕಿಲ್ಲ. ಪಕ್ಕದ ಮನೆಯವನಿಗೆ ಬೇಕು. ಪುಣ್ಯದ ಲೆಕ್ಕ ಇಡುವುದು ನಿಂತಾಗ ಎರಡೂ ಕೈ ಖಾಲಿ ಆಗುತ್ತವೆ, ಆ ಕೈಯನ್ನು ಬೇರೆಯವರಿಗೆ ಕೊಡಬಹುದು.

ನೀನು ನರ್ಸ್, ಅದಕ್ಕೇ ಇದನ್ನು ಹೇಳಲೇಬೇಕು. ಸನ್ಯಾಸಿಯ ಪ್ರಾರ್ಥನೆ ದೊಡ್ಡದು, ಮನೆಗೆಲಸ ಚಿಕ್ಕದು ಅನ್ನುವ ಲೆಕ್ಕವನ್ನು ಲೂಥರ್ ಅಳಿಸಿಹಾಕಿದರು. ಅಪ್ಪ ಮಗುವಿನ ಹೊಲಸು ಬಟ್ಟೆ ತೊಳೆಯುವುದನ್ನು ನೋಡಿ ಜನ ನಗಬಹುದು, ಆದರೆ ನಂಬಿಕೆಯಿಂದ ಮಾಡಿದರೆ ದೇವರಿಗೆ ಅದು ಸಂತೋಷ ಅಂತ 1522ರಲ್ಲೇ ಬರೆದರು. ನೀನು ಅಜ್ಜಿಯ ಹಾಸಿಗೆ ಬದಲಾಯಿಸುವುದೂ ಹಾಗೇ. ನಿನ್ನ ಊರಿನ ಹತ್ತಿರವೇ ನೊಯೆನ್‌ಡೆಟ್ಟೆಲ್ಸೌ ಅಂತ ಒಂದು ಊರಿದೆ. ಅಲ್ಲಿ ವಿಲ್ಹೆಲ್ಮ್ ಲೋಹೆ ಅನ್ನುವ ಲೂಥರನ್ ಪಾದ್ರಿ 1854ರಲ್ಲಿ ರೋಗಿಗಳ ಸೇವೆಗೆ ಹೆಣ್ಣುಮಕ್ಕಳನ್ನು ತರಬೇತಿ ಮಾಡುವ ಮನೆ ಶುರುಮಾಡಿದರು. ಅದಕ್ಕೂ ಮೊದಲು, 1836ರಲ್ಲಿ, ಕೈಸರ್ಸ್‌ವರ್ತ್‌ನಲ್ಲಿ ಇಂಥದೇ ಮನೆ ಶುರುವಾಗಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆ ಕಲಿತದ್ದು ಅಲ್ಲಿ. ನಿಮ್ಮ ವೃತ್ತಿಯ ಒಂದು ಬೇರು ಆ ಕಡೆಯೇ ಇದೆ.

ಒಂದು ಮಾತು ಬಿಟ್ಟುಹೋಯಿತು. ಲೂಥರನ್ ಪ್ರಸಂಗದಲ್ಲಿ, ಅಂದರೆ ಪಾದ್ರಿಯ ಬೋಧನೆಯಲ್ಲಿ, ಸದಾ ಎರಡು ಇರುತ್ತದೆ, ಧರ್ಮಶಾಸ್ತ್ರ ಮತ್ತು ಸುವಾರ್ತೆ. ಮೊದಲನೆಯದು ಕನ್ನಡಿ ಹಿಡಿದು ನಿನ್ನ ತಪ್ಪು ತೋರಿಸುತ್ತದೆ. ಎರಡನೆಯದು ಆ ತಪ್ಪಿಗೆ ಕ್ಷಮೆ ಇದೆ ಅನ್ನುತ್ತದೆ. ಬರೀ ಮೊದಲನೆಯದು ಹೇಳಿದರೆ ಜನ ಕುಸಿಯುತ್ತಾರೆ. ಬರೀ ಎರಡನೆಯದು ಹೇಳಿದರೆ ಯಾಕೆ ಕ್ಷಮೆ ಅಂತ ಗೊತ್ತಾಗುವುದಿಲ್ಲ. ಮನುಷ್ಯ ಒಂದೇ ಹೊತ್ತಿಗೆ ಪಾಪಿಯೂ ಹೌದು, ನೀತಿವಂತನೂ ಹೌದು ಅನ್ನುವುದು ನಮ್ಮ ನಂಬಿಕೆ. ಸಾಯುವ ದಿನದವರೆಗೂ ಎರಡೂ.

ಕರಾವಳಿ ಸಭೆ:

ಕೋಲಾರದ ಅಣ್ಣನಿಗೆ ವಂದನೆಗಳು. ನಾನು ಮಂಗಳೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ನಮ್ಮ ಹಿರಿಯರು ಬಾಸೆಲ್ ಮಿಷನ್ನಿನವರು. ಕನ್ನಡಿಗರಿಗೆ ಇಲ್ಲಿ ಒಂದು ನಂಟಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

1529ರಲ್ಲಿ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ ಕೂತು ಮಾತಾಡಿದರು. ಎಲ್ಲದರಲ್ಲೂ ಒಪ್ಪಿದರು, ರಾತ್ರಿಭೋಜನದ ವಿಷಯ ಬಿಟ್ಟು. ಯೇಸುವಿನ ಕೊನೆಯ ಊಟದ ಹಾಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ವಿಧಿ ಅದು. ರೊಟ್ಟಿ ಬರೀ ನೆನಪಿನ ಗುರುತು ಅಂದರು ಜ್ವಿಂಗ್ಲಿ. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ "ಇದು ನನ್ನ ದೇಹವಾಗಿದೆ" ಅಂತ ಬರೆದಿಟ್ಟು, ಇಲ್ಲಿ "ಆಗಿದೆ" ಅಂತಲೇ ಇದೆ ಅಂದರಂತೆ. ಅಲ್ಲಿಗೆ ಎರಡು ದಾರಿ ಆಯಿತು, ಲೂಥರನ್ ಮತ್ತು ರಿಫಾರ್ಮ್ಡ್.

ಆದರೆ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶುರುವಾದ ಮಿಷನ್ ಈ ಎರಡೂ ಕಡೆಯವರನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡಿತು. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನ ಲೂಥರನ್ನರು ಜಾಸ್ತಿ ಇದ್ದರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ವ್ಯೂರ್ಟೆಂಬರ್ಗಿನ ಬ್ರಾಕೆನ್‌ಹೈಮ್ ಊರಿನ ಹರ್ಮನ್ ಮೊಗ್ಲಿಂಗ್ ಬಂದರು. 1843ರ ಜುಲೈ 1ರಂದು "ಮಂಗಳೂರ ಸಮಾಚಾರ" ಹೊರತಂದವರು ಅವರೇ. ಆ ಮೇಲೆ ಕಿಟೆಲ್, ಅವರ ನಿಘಂಟು 1894ರಲ್ಲಿ ಬಂತು. ಕನ್ನಡ ಓದುವ ಎಲ್ಲರೂ ಈ ಹೆಸರು ಕೇಳಿದ್ದೇವೆ. ಅವರು ಬಂದ ಸಭೆ ಯಾವುದು ಅಂತ ಕೇಳಿಕೊಂಡವರು ಕಡಿಮೆ.

ಜನರ ಭಾಷೆಯಲ್ಲೇ ದೇವರ ಮಾತು ಇರಬೇಕು ಅನ್ನುವ ಹಠ ಲೂಥರ್‌ನಿಂದ ಬಂದದ್ದು. ಆ ಹಠವೇ ಇವರನ್ನು ತುಳು, ಕನ್ನಡ ಕಲಿಯಲು ಕೂರಿಸಿತು ಅಂತ ನಾನು ನಂಬುತ್ತೇನೆ.

ಕೋಲಾರದವನು:

ಅಕ್ಕ, ನೀವು ಬರೆದದ್ದು ನೋಡಿ ಮನಸ್ಸು ತುಂಬಿತು. ನಮ್ಮ ತಮಿಳು ಕಡೆಯ ಕಥೆ ಇನ್ನೂ ಹಿಂದಿನದು. ಡೆನ್ಮಾರ್ಕಿನ ರಾಜ ನಾಲ್ಕನೇ ಫ್ರೆಡೆರಿಕ್ ಕಳಿಸಿದ ಇಬ್ಬರು ಜರ್ಮನ್ ಹುಡುಗರು, ಬಾರ್ತೊಲೊಮೇಯಸ್ ಜೀಗೆನ್‌ಬಾಲ್ಗ್ ಮತ್ತು ಹೈನ್ರಿಕ್ ಪ್ಲುಟ್‌ಶೌ, 1706ರ ಜುಲೈ 9ರಂದು ತರಂಗಂಬಾಡಿಗೆ ಬಂದಿಳಿದರು. ಭಾರತದ ಮೊದಲ ಪ್ರೊಟೆಸ್ಟೆಂಟ್ ಮಿಷನರಿಗಳು ಅವರು. ಜೀಗೆನ್‌ಬಾಲ್ಗ್ ಮಕ್ಕಳ ಜೊತೆ ಮರಳಲ್ಲಿ ಬೆರಳಾಡಿಸಿ ತಮಿಳು ಅಕ್ಷರ ಕಲಿತರು ಅಂತ ನಮ್ಮ ಭಾನುವಾರದ ಪಾಠಶಾಲೆಯಲ್ಲಿ ಹೇಳುತ್ತಿದ್ದರು. 1715ಕ್ಕೆ ತಮಿಳು ಹೊಸ ಒಡಂಬಡಿಕೆ ಅಚ್ಚಾಯಿತು. 1719ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36. ಅಲ್ಲೇ ಅವರು ಕಟ್ಟಿಸಿದ ಚರ್ಚಿನಲ್ಲಿ ಸಮಾಧಿ ಇದೆ. 1733ರಲ್ಲಿ ಆರೋನ್ ಅನ್ನುವ ತಮಿಳರು ಪಾದ್ರಿಯಾದರು, ಪ್ರೊಟೆಸ್ಟೆಂಟರಲ್ಲಿ ಮೊದಲ ಭಾರತೀಯ ಪಾದ್ರಿ.

ನಮ್ಮ ದೇಶದಲ್ಲಿ ಲೂಥರನ್ನರು ಗುಂಟೂರು ಕಡೆ ಇದ್ದಾರೆ, ರಾಂಚಿ ಕಡೆ ಆದಿವಾಸಿಗಳಲ್ಲಿ ತುಂಬ ಇದ್ದಾರೆ, ತಮಿಳುನಾಡಿನಲ್ಲಿ ಇದ್ದಾರೆ. ಕರ್ನಾಟಕದಲ್ಲಿ ನಾವು ಕೆಲವೇ ಜನ. ಬೆಂಗಳೂರು, ಕೆ.ಜಿ.ಎಫ್. ಕಡೆ ತಮಿಳು ಸಭೆಗಳು.

ಈಗ ಆರಾಧನೆಗೆ ಬರೋಣ. ತಂಗಿ, ಇದನ್ನು ಸ್ವಲ್ಪ ನಿಧಾನವಾಗಿ ಓದು.

ಜರ್ಮನ್‌ನಲ್ಲಿ ಆರಾಧನೆಗೆ "ಗೊಟೆಸ್‌ಡೀನ್ಸ್ಟ್" ಅನ್ನುತ್ತಾರೆ. ಅಂದರೆ ದೇವರ ಸೇವೆ. ನಾವು ದೇವಸ್ಥಾನದಲ್ಲಿ ಸೇವೆ ಮಾಡಿಸುತ್ತೇವೆ ಅಂದಾಗ ನಾವು ದೇವರಿಗೆ ಮಾಡುವುದು. ಲೂಥರನ್ನರು ಅದೇ ಮಾತನ್ನು ಮೊದಲು ತಿರುಗಿಸಿ ಓದುತ್ತಾರೆ. ದೇವರು ನಮಗೆ ಸೇವೆ ಮಾಡುತ್ತಾನೆ. ಮಾತು ಕೊಡುತ್ತಾನೆ, ಕ್ಷಮೆ ಕೊಡುತ್ತಾನೆ, ಊಟ ಕೊಡುತ್ತಾನೆ. ಆಮೇಲೆ ನಾವು ಹಾಡಿ, ಪ್ರಾರ್ಥಿಸಿ, ಕಾಣಿಕೆ ಕೊಟ್ಟು ಉತ್ತರ ಕೊಡುತ್ತೇವೆ. ಇದೊಂದು ಗೊತ್ತಿದ್ದರೆ ಒಳಗೆ ನಡೆಯುವ ಎಲ್ಲದಕ್ಕೂ ಅರ್ಥ ಸಿಗುತ್ತದೆ. ನೀನು ಅಲ್ಲಿ ಏನೂ ಮಾಡಿ ತೋರಿಸಬೇಕಿಲ್ಲ. ಪಡೆಯಲು ಬಂದವರ ಮನೆ ಅದು.

ಗಂಟೆ ಹೊಡೆಯುತ್ತದೆ. ಆರ್ಗನ್ ಶುರುವಾಗುತ್ತದೆ. ಗೋಡೆಯ ಮೇಲೆ ಒಂದು ಹಲಗೆಯಲ್ಲಿ ಅಂಕಿಗಳಿರುತ್ತವೆ, ಅವು ಅವತ್ತಿನ ಹಾಡುಗಳ ನಂಬರ್. ಬಾಗಿಲ ಹತ್ತಿರ ಹಾಡಿನ ಪುಸ್ತಕ ಇಟ್ಟಿರುತ್ತಾರೆ, ಒಂದು ತೆಗೆದುಕೋ. ಅಜ್ಜಿಗೆ ಪುಟ ತೆಗೆದುಕೊಟ್ಟರೆ ಸಾಕು, ಬಹುಶಃ ಅವರಿಗೆ ಪುಟವೂ ಬೇಕಾಗುವುದಿಲ್ಲ.

ಮೊದಲು ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಶುರು. ಪಾಪದ ಅರಿಕೆ ಎಲ್ಲರೂ ಒಟ್ಟಿಗೆ ಹೇಳುವುದು ಉಂಟು. ಆಮೇಲೆ "ಕರ್ತನೇ ಕರುಣಿಸು" ಅಂತ ಹಾಡುತ್ತಾರೆ, ಅದು ಗ್ರೀಕ್‌ನಲ್ಲಿ "ಕೀರಿಯೆ ಎಲೆಯ್ಸೊನ್" ಅಂತಲೇ ಕೇಳಿಸುತ್ತದೆ. ಆಮೇಲೆ ದೇವರಿಗೆ ಮಹಿಮೆ ಅನ್ನುವ ಹಾಡು. ಬೈಬಲ್ ಪಾಠಗಳು. ಸುವಾರ್ತೆ ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ, ನೀನೂ ನಿಂತರೆ ಚೆನ್ನ, ಕೂತರೂ ಯಾರೂ ಏನೂ ಅನ್ನುವುದಿಲ್ಲ. ಆಮೇಲೆ ವಿಶ್ವಾಸ ಪ್ರಮಾಣ, ಅಂದರೆ ನಾವು ಏನು ನಂಬುತ್ತೇವೆ ಅಂತ ಎಲ್ಲರೂ ಒಟ್ಟಿಗೆ ಹೇಳುವುದು. ಆಮೇಲೆ ಪ್ರಸಂಗ, ಅಂದರೆ ಪಾದ್ರಿಯ ಮಾತು. ಇದು ನಮಗೆ ತುಂಬ ಮುಖ್ಯ. ಪ್ರಸಂಗ ಬರೀ ಬೋಧನೆ ಅಲ್ಲ, ಆ ಮಾತಿನಲ್ಲೇ ದೇವರು ಮಾತಾಡುತ್ತಾನೆ ಅನ್ನುವ ನಂಬಿಕೆ. ಕಾಣಿಕೆ, ಎಲ್ಲರಿಗಾಗಿ ಪ್ರಾರ್ಥನೆ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆ. ಕೊನೆಯಲ್ಲಿ ಪಾದ್ರಿ ಕೈ ಎತ್ತಿ ಆಶೀರ್ವಾದ ಹೇಳುತ್ತಾರೆ. ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಅಂತ ಶುರುವಾಗುತ್ತದೆ. ಮೋಶೆಯ ಕಾಲದಿಂದ ಬಂದ ಮಾತುಗಳು ಅವು.

ಹಾಡಿನ ಬಗ್ಗೆ ಒಂದು ಮಾತು. ಲೂಥರ್‌ಗಿಂತ ಮುಂಚೆ ಆರಾಧನೆಯಲ್ಲಿ ಹೆಚ್ಚಾಗಿ ಹಾಡುಗಾರರ ತಂಡ ಲ್ಯಾಟಿನ್‌ನಲ್ಲಿ ಹಾಡುತ್ತಿತ್ತು, ಜನ ಕೇಳುತ್ತಿದ್ದರು. ಲೂಥರ್ ಜನರ ಬಾಯಿಗೆ ಅವರದೇ ಭಾಷೆಯ ಹಾಡು ಕೊಟ್ಟರು. 1524ರ ಮೊದಲ ಪುಸ್ತಕದಲ್ಲಿ ಬರೀ ಎಂಟು ಹಾಡು ಇದ್ದವು. 46ನೇ ಕೀರ್ತನೆಯ ಮೇಲೆ, ದೇವರೇ ನಮ್ಮ ಕೋಟೆ ಅಂತ ಅವರು ಬರೆದ ಹಾಡು ಇವತ್ತು ಲೋಕವೆಲ್ಲ ಗೊತ್ತು. 1723ರಿಂದ ಲೈಪ್‌ಜಿಗ್‌ನಲ್ಲಿ ಚರ್ಚ್ ಸಂಗೀತ ನೋಡಿಕೊಂಡ ಬಾಖ್ ಈ ಹಾಡುಗಳ ಮಡಿಲಲ್ಲೇ ಬೆಳೆದವರು. ಕೆ.ಜಿ.ಎಫ್.ನಲ್ಲಿ ನಮ್ಮಪ್ಪ ರಾತ್ರಿ ಪಾಳಿ ಮುಗಿಸಿ, ಸ್ನಾನ ಮಾಡಿ, ನಿದ್ದೆ ಬಿಟ್ಟು ಬಂದು ಅದೇ ರಾಗವನ್ನು ತಮಿಳಿನಲ್ಲಿ ಹಾಡುತ್ತಿದ್ದರು. ಪಕ್ಕದಲ್ಲಿ ನಿಂತರೆ ಅವರ ಎದೆ ನಡುಗುವುದು ನನಗೆ ಗೊತ್ತಾಗುತ್ತಿತ್ತು.

ಮಂಡ್ಯದ ನರ್ಸ್:

ಅಣ್ಣ, ಅಪ್ಪನ ಮಾತು ಓದಿ ಕಣ್ಣಲ್ಲಿ ನೀರು ಬಂತು. ರಾತ್ರಿಭೋಜನ ಇದ್ದರೆ ನಾನು ಏನು ಮಾಡಲಿ? ರೊಟ್ಟಿ ಕೊಟ್ಟರೆ ಬೇಡ ಅಂದರೆ ಅವಮಾನ ಆಗುತ್ತದಾ?

ಬವೇರಿಯಾ ಕನ್ನಡಿಗ:

ನಾನು ಇಲ್ಲೇ ಹತ್ತು ವರ್ಷದಿಂದ ಇದ್ದೇನೆ, ಹೆಂಡತಿ ಇವಾಂಗೆಲಿಶ್, ಹಾಗಾಗಿ ಇದನ್ನು ನಾನೇ ಹೇಳುತ್ತೇನೆ. ಎಲ್ಲ ಭಾನುವಾರವೂ ರಾತ್ರಿಭೋಜನ ಇರಬೇಕು ಅಂತಿಲ್ಲ. ಇದ್ದರೆ ಜನ ಬಲಿಪೀಠದ ಸುತ್ತ ಅರ್ಧ ವೃತ್ತವಾಗಿ ನಿಲ್ಲುವುದು ಸಾಮಾನ್ಯ. ಅದು ದೀಕ್ಷಾಸ್ನಾನ ಆದವರಿಗೆ, ಅಂದರೆ ನೀರಿನ ಸಂಸ್ಕಾರ ಪಡೆದು ಕ್ರೈಸ್ತರಾದವರಿಗೆ. ನೀವು ಜಾಗದಲ್ಲೇ ಕೂತಿರಬಹುದು. ಅಜ್ಜಿಯ ಕುರ್ಚಿ ತಳ್ಳಿಕೊಂಡು ಮುಂದೆ ಹೋದರೆ ಎದೆಯ ಮೇಲೆ ಕೈ ಕಟ್ಟಿ ನಿಲ್ಲಿ. ಪಾದ್ರಿ ಅರ್ಥ ಮಾಡಿಕೊಂಡು ಬರೀ ಆಶೀರ್ವಾದ ಹೇಳುತ್ತಾರೆ. ಯಾರಿಗೂ ಅವಮಾನ ಇಲ್ಲ.

ಪಾದ್ರಿ ಹೆಂಗಸಾಗಿದ್ದರೆ ಆಶ್ಚರ್ಯ ಬೇಡ. ಬವೇರಿಯಾದಲ್ಲಿ 1975ರಿಂದ ಹೆಂಗಸರೂ ಪಾದ್ರಿಗಳು. ಕಪ್ಪು ನಿಲುವಂಗಿ, ಕುತ್ತಿಗೆಯ ಹತ್ತಿರ ಎರಡು ಬಿಳಿ ಪಟ್ಟಿ.

ಇನ್ನೊಂದು, ಇದನ್ನು ಕೆಲಸಕ್ಕೆ ಬಂದ ನಮ್ಮವರು ಹೆದರಿ ಕೇಳುತ್ತಾರೆ. ಚರ್ಚಿಗೆ ಹೋದರೆ ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯುತ್ತಾರಾ ಅಂತ. ಇಲ್ಲ. ಅದು ಸದಸ್ಯರಿಗೆ ಮಾತ್ರ. ಬವೇರಿಯಾದಲ್ಲಿ ಆದಾಯ ತೆರಿಗೆಯ 8 ಶೇಕಡಾ. ಆರಾಧನೆಗೆ ಹೋಗಿ ಕೂರಲು ಯಾರ ಅಪ್ಪಣೆಯೂ ಬೇಡ, ದುಡ್ಡೂ ಬೇಡ.

ಕೋಲಾರದವನು:

ತುಂಬ ಸಹಾಯ ಮಾಡಿದಿರಿ ಸರ್. ಹೆಂಗಸರು ಪಾದ್ರಿ ಆಗುವುದರಲ್ಲಿ ಎಲ್ಲ ಲೂಥರನ್ನರೂ ಒಂದೇ ಅಲ್ಲ, ಅಮೆರಿಕದ ಮಿಸ್ಸೂರಿ ಪರಂಪರೆಯವರು ಒಪ್ಪುವುದಿಲ್ಲ. ನನಗೆ ವೈಯಕ್ತಿಕವಾಗಿ ಬವೇರಿಯಾದವರು ಮಾಡಿದ್ದೇ ಸರಿ ಅನ್ನಿಸುತ್ತದೆ.

ರಾತ್ರಿಭೋಜನದ ಬಗ್ಗೆ ನಂಬಿಕೆ ಏನು ಅಂತ ಎರಡು ಮಾತು. ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ, ದ್ರಾಕ್ಷಾರಸ ದ್ರಾಕ್ಷಾರಸವೇ. ಆದರೆ ಅದರಲ್ಲಿ, ಅದರೊಂದಿಗೆ, ಅದರ ಅಡಿಯಲ್ಲಿ ಕ್ರಿಸ್ತನು ನಿಜವಾಗಿ ಇದ್ದು ತನ್ನನ್ನೇ ಕೊಡುತ್ತಾನೆ. ಹೇಗೆ ಅಂತ ಲೂಥರನ್ನರು ಜಾಸ್ತಿ ವಿವರಿಸಲು ಹೋಗುವುದಿಲ್ಲ. ಅವನು ಹೇಳಿದ್ದಾನೆ, ಅಷ್ಟು ಸಾಕು ಅನ್ನುತ್ತಾರೆ. ದೀಕ್ಷಾಸ್ನಾನವೂ ಹಾಗೆಯೇ. ಕೂಸುಗಳಿಗೂ ಕೊಡುತ್ತೇವೆ. ಕೂಸಿಗೆ ಏನು ಗೊತ್ತು ಅಂತ ಕೇಳುತ್ತಾರೆ. ಕೂಸಿಗೆ ಏನೂ ಗೊತ್ತಿಲ್ಲ, ಅದಕ್ಕೇ ಅದು ಕೃಪೆಗೆ ಒಳ್ಳೆಯ ಗುರುತು. ಬೆಕ್ಕಿನ ಮರಿ!

ಕಾಫಿ ತೋಟದ ಮನೆ:

ನಾನು ಚಿಕ್ಕಮಗಳೂರಿನ ಕಥೋಲಿಕ. ಓದುತ್ತಾ ಹೋದಂತೆ ಇದು ನಮ್ಮ ಪೂಜೆಯ ಹಾಗೇ ಇದೆಯಲ್ಲ ಅನ್ನಿಸಿತು. ಹಾಗಾದರೆ ಬೇರೆ ಏನು? ಮರಿಯಮ್ಮನವರನ್ನು ನೀವು ಒಪ್ಪುವುದಿಲ್ಲ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ.

ಕೋಲಾರದವನು:

ಅದು ಸರಿಯಾದ ಮಾತಲ್ಲ ಬ್ರದರ್. ಯೇಸುವಿನ ತಾಯಿಯನ್ನು ನಾವು ಗೌರವಿಸುತ್ತೇವೆ, ಲೂಥರ್ ಅವರ ಬಗ್ಗೆ ತುಂಬ ಪ್ರೀತಿಯಿಂದ ಬರೆದಿದ್ದಾರೆ. ಸಂತರನ್ನು ನೆನೆಯುತ್ತೇವೆ. ಅವರಿಗೆ ಪ್ರಾರ್ಥನೆ ಮಾತ್ರ ಮಾಡುವುದಿಲ್ಲ. ಪೋಪ್ ಅಧಿಕಾರ ಒಪ್ಪುವುದಿಲ್ಲ, ಸತ್ತವರು ಸ್ವರ್ಗಕ್ಕೆ ಮುಂಚೆ ಶುದ್ಧವಾಗುವ ಶುದ್ಧೀಕರಣ ಸ್ಥಳ ಒಪ್ಪುವುದಿಲ್ಲ. ಸಂಸ್ಕಾರ ನಿಮ್ಮಲ್ಲಿ ಏಳು, ನಮ್ಮಲ್ಲಿ ಎರಡು. ಪಾದ್ರಿಗಳು ಮದುವೆ ಆಗುತ್ತಾರೆ, ಲೂಥರ್ ಕೂಡ 1525ರಲ್ಲಿ ಸನ್ಯಾಸಿನಿಯಾಗಿದ್ದ ಕತರೀನಾ ಫಾನ್ ಬೋರಾ ಅವರನ್ನು ಮದುವೆಯಾದರು.

ಆರಾಧನೆ ಒಂದೇ ಥರ ಕಾಣಿಸುವುದಕ್ಕೆ ಕಾರಣ ಇದೆ. ಲೂಥರ್ ಹೊಸ ಚರ್ಚ್ ಶುರುಮಾಡಲು ಹೊರಟವರಲ್ಲ. ಸುವಾರ್ತೆಗೆ ಅಡ್ಡ ಬರುವುದನ್ನು ತೆಗೆದರು, ಉಳಿದದ್ದನ್ನು ಉಳಿಸಿದರು. 1530ರ ಜೂನ್ 25ರಂದು ಔಗ್ಸ್‌ಬುರ್ಗಿನಲ್ಲಿ ಚಕ್ರವರ್ತಿಯ ಮುಂದೆ ಓದಿದ ನಂಬಿಕೆಯ ಹೇಳಿಕೆಯಲ್ಲೂ ಅದನ್ನೇ ಹೇಳಿದ್ದಾರೆ. ಬರೆದವರು ಲೂಥರ್ ಅವರ ಗೆಳೆಯ ಮೆಲಾಂಕ್ಟನ್. 28 ವಿಭಾಗ ಇದೆ. ಇವತ್ತಿಗೂ ನಮ್ಮ ಪಾದ್ರಿಗಳು ಅದಕ್ಕೆ ಮಾತು ಕೊಟ್ಟೇ ಪಾದ್ರಿ ಆಗುತ್ತಾರೆ. ಅದೇ ಔಗ್ಸ್‌ಬುರ್ಗಿನಲ್ಲಿ 1999ರ ಅಕ್ಟೋಬರ್ 31ರಂದು ನಿಮ್ಮವರೂ ನಮ್ಮವರೂ ಕೂತು, ಕೃಪೆಯಿಂದಲೇ ರಕ್ಷಣೆ ಅನ್ನುವ ಮೂಲ ವಿಷಯದಲ್ಲಿ ಒಪ್ಪಿಗೆ ಇದೆ ಅಂತ ಸಹಿ ಹಾಕಿದರು. 482 ವರ್ಷ ಬೇಕಾಯಿತು. ಆದರೂ ಆಯಿತಲ್ಲ.

ಒಬ್ಬ ವಿದ್ಯಾರ್ಥಿ:

ಎಲ್ಲ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ಲೂಥರ್ ಯಹೂದಿಗಳ ವಿರುದ್ಧ ಏನು ಬರೆದರು ಅಂತಲೂ ಹೊಸಬರಿಗೆ ಹೇಳಬೇಕಲ್ಲವೇ? ಅದೂ ನಾಜಿಗಳ ದೊಡ್ಡ ಸಮಾವೇಶಗಳು ನಡೆದ ನ್ಯೂರೆಂಬರ್ಗಿಗೆ ಹೋದವರಿಗೆ.

ಕೋಲಾರದವನು:

ಹೇಳಲೇಬೇಕು. ಕೇಳಿದ್ದು ಒಳ್ಳೆಯದಾಯಿತು. 1543ರಲ್ಲಿ ಲೂಥರ್ ಯಹೂದಿಗಳ ಬಗ್ಗೆ ತುಂಬ ಕ್ರೂರವಾಗಿ ಬರೆದರು. ಅವರ ಪ್ರಾರ್ಥನಾ ಮಂದಿರ ಸುಡಬೇಕು, ಮನೆ ಕೆಡವಬೇಕು ಅಂತ ಬರೆದರು. ನಾಲ್ಕು ನೂರು ವರ್ಷದ ಮೇಲೆ ನಾಜಿಗಳು ಆ ಮಾತುಗಳನ್ನು ಎತ್ತಿ ಹಿಡಿದರು. ಮುದುಕರಾಗಿದ್ದರು, ಕಾಲವೇ ಹಾಗಿತ್ತು ಅಂತ ನಾನು ಸಮಜಾಯಿಷಿ ಕೊಡುವುದಿಲ್ಲ. ಅದು ಪಾಪ. 1984ರಲ್ಲಿ ಬುಡಾಪೆಸ್ಟಿನಲ್ಲಿ ಲೋಕದ ಲೂಥರನ್ನರ ಒಕ್ಕೂಟ ಆ ಬರಹಗಳನ್ನು ಬಹಿರಂಗವಾಗಿ ತಿರಸ್ಕರಿಸಿತು.

ನಮ್ಮ ಮನೆಯ ಪಾಪವನ್ನೂ ಹೇಳುತ್ತೇನೆ. 19ನೇ ಶತಮಾನದಲ್ಲಿ ತಮಿಳುನಾಡಿನ ಲೂಥರನ್ ಸಭೆಗಳಲ್ಲಿ ಜಾತಿ ನೋಡಿ ಬೇರೆ ಬೇರೆ ಕೂರುವ ಪದ್ಧತಿ ಇತ್ತು. ಆಂಗ್ಲಿಕನ್ ಬಿಷಪ್ ಅದನ್ನು ನಿಲ್ಲಿಸಿ ಅಂದಾಗ ಕೆಲವು ಮೇಲ್ಜಾತಿ ಕ್ರೈಸ್ತರು ಲೂಥರನ್ನರ ಕಡೆ ಬಂದರು, ನಮ್ಮವರು ಸೇರಿಸಿಕೊಂಡರು. ಕೃಪೆ ಎಲ್ಲರಿಗೂ ಸುಮ್ನೆ ಅಂತ ಬೋಧಿಸಿ, ಒಂದೇ ಬಟ್ಟಲಿನಿಂದ ಕುಡಿಯಲು ಹಿಂಜರಿದವರು ನಾವು. ನಮ್ಮ ತಾತ ಯಾವ ಕಡೆ ಕೂತಿರಬೇಕಾಗಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಆರಾಧನೆ ಪಾಪದ ಅರಿಕೆಯಿಂದ ಶುರುವಾಗುವುದು ನನಗೆ ಬರೀ ಪದ್ಧತಿ ಅಲ್ಲ.

ಕರಾವಳಿ ಸಭೆ:

ಅಣ್ಣ, ಇಷ್ಟು ನೇರವಾಗಿ ಹೇಳಿದ್ದಕ್ಕೆ ವಂದನೆ.

ಮಂಡ್ಯದ ತಂಗಿಗೆ ಒಂದು ಸಲಹೆ. ಇನ್ನೂ ಓದಬೇಕು ಅನ್ನಿಸಿದರೆ ಲೂಥರ್ ಅವರ ಚಿಕ್ಕ ಪ್ರಶ್ನೋತ್ತರ ಓದಿ. 1528ರ ಹೊತ್ತಿಗೆ ಅವರು ಸ್ಯಾಕ್ಸೊನಿಯ ಹಳ್ಳಿ ಹಳ್ಳಿ ಸುತ್ತಿ ನೋಡಿದರೆ ಜನರಿಗೆ ಪ್ರಾರ್ಥನೆಯೂ ಬರುತ್ತಿರಲಿಲ್ಲ, ಕೆಲವು ಪಾದ್ರಿಗಳಿಗೂ ಬರುತ್ತಿರಲಿಲ್ಲ. ಬಂದು 1529ರಲ್ಲಿ ಮನೆಯ ಯಜಮಾನ ಮಕ್ಕಳಿಗೆ ಹೇಳಿಕೊಡುವ ಹಾಗೆ ಅದನ್ನು ಬರೆದರು. ದಶಾಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪದ ಅರಿಕೆ, ರಾತ್ರಿಭೋಜನ. ಮತ್ತೆ ಮತ್ತೆ ಒಂದೇ ಪ್ರಶ್ನೆ, "ಇದರ ಅರ್ಥವೇನು?" ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು.

ಮಂಡ್ಯದ ನರ್ಸ್:

ಎಲ್ಲರಿಗೂ ನಮಸ್ಕಾರ. ಹೋಗಿ ಬಂದೆ. 

ಒಳಗೆ ಕಾಲಿಟ್ಟ ಕೂಡಲೇ ಮೇಲೆ ನೋಡಿದೆ. ಮುಂದಿನ ಭಾಗದಲ್ಲಿ ಮರದಲ್ಲಿ ಕೆತ್ತಿದ ದೊಡ್ಡ ಮರಿಯಮ್ಮ ಮತ್ತು ದೇವದೂತ, ಸುತ್ತ ಗುಲಾಬಿ ಹಾರ, ಚಾವಣಿಯಿಂದ ತೂಗುಹಾಕಿದ್ದಾರೆ. ಫೈಟ್ ಷ್ಟೋಸ್ ಅನ್ನುವವರು 1518ರಲ್ಲಿ ಮುಗಿಸಿದ್ದಂತೆ. ಊರು 1525ರಲ್ಲಿ ಲೂಥರನ್ ಆಯಿತು, ಆದರೂ ಒಡೆಯಲಿಲ್ಲ. ಕಾಫಿ ತೋಟದ ಬ್ರದರ್, ನಿಮ್ಮ ನೆನಪಾಯಿತು.

ಎಡಗಡೆ ಕಲ್ಲಿನ ಗೋಪುರ ಒಂದಿದೆ, ಚಾವಣಿ ಮುಟ್ಟುವಷ್ಟು ಎತ್ತರ. ಅದರ ಬುಡದಲ್ಲಿ ಮೂವರು ಮೊಣಕಾಲೂರಿ ಭಾರ ಹೊತ್ತಿದ್ದಾರೆ. ಮುಂದೆ ಇರುವವನು ಯಾರು ಅಂತ ಅಜ್ಜಿಯನ್ನು ಕೇಳಿದೆ. ಕೆತ್ತಿದ ಶಿಲ್ಪಿಯೇ ಅಂದರು, ಆಡಮ್ ಕ್ರಾಫ್ಟ್. ಕೈಯಲ್ಲಿ ಅವನ ಕೆಲಸದ ಉಪಕರಣ. ಕೋಲಾರದ ಅಣ್ಣ ಕೆಲಸದ ಬಗ್ಗೆ ಬರೆದದ್ದು ಅಲ್ಲೇ ಅರ್ಥವಾಯಿತು. ಅದನ್ನು ಲೂಥರ್‌ಗಿಂತ ಮುಂಚೆಯೇ ಕೆತ್ತಿದ್ದು ಅಂತ ಆಮೇಲೆ ಗೊತ್ತಾಯಿತು, ಆದರೂ.

ಏಳುವುದು ಕೂರುವುದು ಏನೂ ಕಷ್ಟ ಆಗಲಿಲ್ಲ. ರಾತ್ರಿಭೋಜನ ಇತ್ತು. ಕುರ್ಚಿ ತಳ್ಳಿಕೊಂಡು ಹೋಗಿ ಕೈ ಕಟ್ಟಿ ನಿಂತೆ. ಪಾದ್ರಿ ಹೆಂಗಸು. ಅಜ್ಜಿಯ ಕೈಗೆ ರೊಟ್ಟಿ ಇಟ್ಟರು. ಅಜ್ಜಿಯ ಕೈ ನಡುಗುತ್ತದೆ, ವಾರ್ಡಿನಲ್ಲಿ ಚಮಚ ಕೂಡ ಹಿಡಿಯಲು ಆಗುವುದಿಲ್ಲ, ನಾನೇ ತಿನ್ನಿಸುವುದು. ಅಲ್ಲೂ ಹಿಡಿಯಲು ಮುಂದೆ ಹೋದೆ. ಬೇಡ ಅಂತ ಕಣ್ಣಲ್ಲೇ ಹೇಳಿ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಚಾಚಿದರು. ನಮ್ಮ ಕಡೆ ತೀರ್ಥ ತೆಗೆದುಕೊಳ್ಳುವ ಹಾಗೆ. ಆಮೇಲೆ ಪಾದ್ರಿ ನನ್ನ ತಲೆಯ ಮೇಲೆ ಕೈ ಇಟ್ಟು ಏನೋ ಹೇಳಿದರು, ಪೂರ್ತಿ ತಿಳಿಯಲಿಲ್ಲ, "ಕಾಪಾಡಲಿ" ಅನ್ನುವ ಮಾತು ಮಾತ್ರ ತಿಳಿಯಿತು.

ಕೊನೆಯ ಹಾಡಿಗೆ ಅಜ್ಜಿ ಪುಸ್ತಕ ತೆರೆಯಲೇ ಇಲ್ಲ. ಪೂರ್ತಿ ಬಾಯಿಪಾಠ. ಅಣ್ಣ, ನೀವು ಮೊದಲೇ ಹೇಳಿದ್ದಿರಿ.

ಬರುವ ತಿಂಗಳು ಮತ್ತೆ ರಜೆ ಕೇಳಿದ್ದೇನೆ. ಆ ಚಿಕ್ಕ ಪ್ರಶ್ನೋತ್ತರ ಕನ್ನಡದಲ್ಲಿ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳ್ತೀರಾ?